ಗಾಡಿಗೆ ಕೇಳಬಾರದ ಮಾತು

ಅಣಕು ಪರೀಕ್ಷೆಯಲ್ಲಿ ಆ ಲಾರಿ ಡ್ರೈವರ್ ಮತ್ತೆ ಬಾಯಿ ಮುಚ್ಚಿಕೊಂಡು ಕೂತಾಗ ನಾನು ಡಸ್ಟರ್ ಎತ್ತಿ ಮೇಜಿಗೆ ಕುಟ್ಟಿದೆ. ಸೀಮೆಸುಣ್ಣದ ಪುಡಿ ಹಾರಿ ಆತನ ಖಾಕಿ ಅಂಗಿಯ ಮೇಲೆಲ್ಲ ಕೂತಿತು. ಒರೆಸಿಕೊಳ್ಳಲೂ ಇಲ್ಲ ಮನುಷ್ಯ.

"ಬ್ರೇಕ್ ಹಿಡೀಲಿಲ್ಲ ಅಂದ್ರ ಇಂಗ್ಲಿಷಿನ್ಯಾಗ ಏನಂತೀರಿ? ನಿನ್ನಿ ಹೇಳಿಕೊಟ್ಟಿದ್ದೆ, ಮೊನ್ನಿ ಹೇಳಿಕೊಟ್ಟಿದ್ದೆ. ಒಮ್ಮೆ ಅನ್ರಿ!"

ಆತ ಕಿಟಕಿಯ ಕಡೆ ನೋಡಿದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಕೆಳಗೆ ರಸ್ತೆಯ ಬದಿಗೆ ಆತನ ಲಾರಿ ನಿಂತಿತ್ತು, ಅದರಾಚೆ ಬಾಳೆಹಣ್ಣಿನ ಬಂಡಿ. ನೋಡಿ, ತಲೆ ತಗ್ಗಿಸಿ, "ನೆನಪಾಗವಲ್ದು ಮೇಡಮ್ರೀ" ಅಂದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಮನೆಯವರೇ ಹೇಳುತ್ತಾರೆ. ಅವತ್ತು ಮೂಗು ಬಿಟ್ಟು ಹೊರಗೇ ಬಂದಿತ್ತು.

ಬಳ್ಳಾರಿಯಲ್ಲಿ ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತೇನೆ. ಕೊಲ್ಲಿ ದೇಶಗಳಿಗೆ ಡ್ರೈವರುಗಳನ್ನು ಕಳಿಸುವ ಏಜೆಂಟರೊಬ್ಬರು ತಮ್ಮವರನ್ನು ನನ್ನ ಹತ್ತಿರ ತಯಾರಿಗೆ ಬಿಡುತ್ತಾರೆ. ಅಲ್ಲಿನ ಕಂಪನಿಯವರು ವಿಡಿಯೋದಲ್ಲಿ ಮೌಖಿಕ ಪರೀಕ್ಷೆ ಮಾಡುತ್ತಾರೆ. ಎಲ್ಲವೂ ಇಂಗ್ಲಿಷಿನಲ್ಲೇ, ಎಲ್ಲವೂ ರಸ್ತೆಯ ಮಾತೇ. ನಾನು ಪಾಠವನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲು ರಸ್ತೆಯ ಅಂಗಾಂಗಗಳು: ಜಂಕ್ಷನ್ನು, ಲೇನು, ಎಕ್ಸಿಟ್ಟು, ರೌಂಡಬೌಟು. ರೌಂಡಬೌಟ್ ಅಂದರೆ ನಮ್ಮ ರಾಯಲ್ ಸರ್ಕಲ್ಲೇ, ಆದರೆ ಅಲ್ಲಿ ಯಾರೂ ನಡುವೆ ಗಾಡಿ ನಿಲ್ಲಿಸಿ ಮಾತಾಡುವುದಿಲ್ಲ ಎಂದು ಹೇಳಿದರೆ ಅರ್ಥವಾಗುತ್ತದೆ. ಆಮೇಲೆ ಬೋರ್ಡುಗಳು. ಆಮೇಲೆ ಡ್ರೈವರ್ ಮಾಡುವ ಕೆಲಸಗಳು: ನಿಧಾನ ಮಾಡುತ್ತಿದ್ದೇನೆ, ದಾರಿ ಬಿಡುತ್ತಿದ್ದೇನೆ, ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಕಡೆಯದು ತೊಂದರೆಯ ಮಾತುಗಳು. ಪಂಚರ್, ಟೈರ್ ಬರ್ಸ್ಟ್, ಬ್ರೇಕ್ ಫೇಲ್ಯೂರ್, ಸ್ಕಿಡ್ಡು, ಓವರ್‌ಟರ್ನು, ಇಂಜುರಿ. ಪರೀಕ್ಷೆಯ ಕೊನೆಗೆ, ನಿನ್ನ ಗಾಡಿಗೆ ಅಪಘಾತವಾಗಿದೆ ಎಂದುಕೊಂಡು ಕಂಪನಿಗೆ ಫೋನ್ ಮಾಡಿ ವರದಿ ಕೊಡು ಅನ್ನುತ್ತಾರೆ. ಅದರಲ್ಲಿ ನಪಾಸಾದರೆ ಮುಂಚಿನದೆಲ್ಲ ನೀರಿನಲ್ಲಿ ಹೋಮ.

ಲಾರಿ ಹೊಡೆಯುವವರಿಗೆ ಇದರಲ್ಲಿ ಅರ್ಧ ಮೊದಲೇ ಬರುತ್ತದೆ. ಕ್ಲಚ್ಚು, ಗೇರು, ಓವರ್‌ಟೇಕು, ಬೈಪಾಸು ಇವೆಲ್ಲ ನಾನು ಕಲಿಸಬೇಕಾದ ಶಬ್ದಗಳೇ ಅಲ್ಲ. ಈ ಕುರುಗೋಡಿನ ಡ್ರೈವರ್ ಸಿರುಗುಪ್ಪದ ಗಿರಣಿಗಳಿಂದ ಬಳ್ಳಾರಿಗೆ ಅಕ್ಕಿ ತರುತ್ತಿದ್ದ. ಅದಕ್ಕೂ ಮೊದಲು ಕುಡತಿನಿಯ ವಿದ್ಯುತ್ ಸ್ಥಾವರದಿಂದ ಬೂದಿ ಸಾಗಿಸುತ್ತಿದ್ದ. ಗಾಡಿಯ ಮೇಲೇ ಬೆಳೆದವನು. ಮೊದಲ ಮೂರು ಭಾಗಗಳನ್ನು ಸರಸರ ಕಲಿತ. ನಾಲ್ಕನೆಯದಕ್ಕೆ ಬಂದರೆ ಮೂಕ. ಹಿಂದೆ ಎರಡು ಸಲ ಬೇರೆ ಕಡೆ ತಯಾರಾಗಿ ಹೋಗಿ ಇದೇ ಭಾಗದಲ್ಲಿ ನಪಾಸಾಗಿದ್ದಾನೆಂದು ಏಜೆಂಟರು ಮೊದಲೇ ಹೇಳಿದ್ದರು.

ಮೊದಲ ದಿನವೇ ನನಗೆ ಗುಟ್ಟು ತಿಳಿಯಬೇಕಿತ್ತು. ನಾನು ಎಂದಿನಂತೆ, "ವೇರ್ ಆರ್ ಯು ಗೋಯಿಂಗ್?" ಎಂದು ಕೇಳಿ ಪಾಠ ಶುರು ಮಾಡಿದೆ. ಆತ ಮುಖ ಹುಳಿ ಮಾಡಿದ.

"ಹೊಂಟವರನ್ನ ಎಲ್ಲಿಗೆ ಅಂತ ಕೇಳಬಾರದ್ರೀ ಮೇಡಂ. ಹೋದ ಕೆಲಸ ಆಗಂಗಿಲ್ಲ."

"ಅಲ್ಲಿಯ ಪೊಲೀಸ್ ಕೇಳ್ತಾನಪಾ. ಅವಗೂ ಹಿಂಗ ಅಂತೀರೇನು? ಐ ಯಾಮ್ ಗೋಯಿಂಗ್ ಟು ದಿ ಪೋರ್ಟ್ ಅನ್ರಿ."

"ಐ ಯಾಮ್ ಗೋ ಅಂಡ್ ಕಮ್ಮಿಂಗ್" ಅಂದ.

ಹೋಗುತ್ತೇನೆ ಎಂದಷ್ಟೇ ಹೇಳಿ ನಿಲ್ಲಿಸಲು ಆತನಿಗೆ ಬಾಯೇ ಬರುತ್ತಿರಲಿಲ್ಲ. ನಮ್ಮ ಕಡೆ ಯಾರಿಗೂ ಬರುವುದಿಲ್ಲ. ಹೋಗಿ ಬರ್ತೀನಿ ಅನ್ನುವುದೇ ರೂಢಿ. ನಾನೂ ಹಾಗೆಯೇ ಅನ್ನುತ್ತೇನೆ, ಆದರೆ ಅದು ಬಾಯಿಪಾಠ, ನಂಬಿಕೆ ಅಲ್ಲ. ಇಂಗ್ಲಿಷಿನಲ್ಲಿ ಹಾಗೆ ಹೇಳಿದರೆ ನಗುತ್ತಾರೆ ಎಂದು ಹೆದರಿಸಿ, ಒಂದು ವಾರ ತಿದ್ದಿ ತಿದ್ದಿ, "ಐ ಯಾಮ್ ಗೋಯಿಂಗ್" ಎಂಬುದನ್ನು ಆತನ ನಾಲಿಗೆಯ ಮೇಲೆ ಕೂರಿಸಿದೆ. ಗೆದ್ದೆ ಎಂದುಕೊಂಡೆ.

ಡಸ್ಟರ್ ಕುಟ್ಟಿದ ದಿನ ಮಧ್ಯಾಹ್ನ ಒಂದು ವಿದೇಶಿ ನಂಬರಿನಿಂದ ಫೋನ್ ಬಂತು.

"ಮೇಡಂ, ನಾನು ಆ ಡ್ರೈವರ್ ಮನಿಯಾಕ್ರೀ. ಇಲ್ಲಿ ನರ್ಸ್ ಅದೀನಿ."

ಕುರುಗೋಡಿನ ಮಾತು, ಹಿಂದೆ ಯಾವುದೋ ಆಸ್ಪತ್ರೆಯ ಸದ್ದು. ಆಕೆ ಕೊಲ್ಲಿಗೆ ಹೋಗಿ ನಾಲ್ಕು ವರ್ಷವಾಗಿತ್ತಂತೆ, ನಡುವೆ ಒಮ್ಮೆ ಮಾತ್ರ ಬಂದು ಹೋಗಿದ್ದಳಂತೆ. ಗಂಡನಿಗೆ ಅದೇ ಊರಿನಲ್ಲಿ ಡ್ರೈವರ್ ಕೆಲಸ ಸಿಕ್ಕರೆ ಇಬ್ಬರೂ ಒಂದು ಮನೆ ಮಾಡಬಹುದು ಎಂಬ ಒಂದೇ ಆಸೆಯಲ್ಲಿ ಇಬ್ಬರೂ ಬದುಕಿದ್ದರು.

"ಈ ಸಲ ಆದ್ರ ಆತು ಮೇಡಂ. ನಲವತ್ತು ತುಂಬಿದವರನ್ನ ಕಂಪನಿಯವರು ತಗೊಳ್ಳಂಗಿಲ್ಲ. ಅವರಿಗೆ ಈ ವರ್ಷ ತುಂಬತಾವ. ನನಗೂ ವಯಸ್ಸು ನಿಂತಿಲ್ಲ. ಒಂದು ಕೂಸು ಬೇಕಂತ ಎಷ್ಟು ಅಂತ ಕಾಯಲಿ, ಫೋನಿನ್ಯಾಗ ಸಂಸಾರ ಮಾಡಿಕೋತ?"

"ನೀವೇ ವಾಪಸ್ ಬರಬಹುದಲ್ಲಮ್ಮಾ?"

"ನನ್ನ ಡ್ಯೂಟಿ ಬಿಡು ಅಂತ ಅವರೂ ಅಂದಿಲ್ಲ, ನಾನೂ ಬಿಡಂಗಿಲ್ರೀ. ಈ ಕೆಲಸಕ್ಕ ನಾ ಏನ್ ಬಡದಾಡೀನಿ ನನಗ ಗೊತ್ತು." ದನಿ ತಗ್ಗಿಸಿದಳು. "ಈ ಸಲ ಆಗಲಿಲ್ಲಂದ್ರ ನಿಮ್ಮ ದಾರಿ ನಿಮಗ, ನನ್ನ ದಾರಿ ನನಗ ಅಂತ ಅವರಿಗೆ ಹೇಳೀನಿ. ಸಿಟ್ಟಿಲೆ ಹೇಳಿಲ್ಲ ಮೇಡಂ, ಅತ್ತು ಹೇಳೀನಿ. ನೀವೊಂದು ಬಾಯಿ ಬಿಡಿಸ್ರಿ ಅವರದು."

ಪಾಸು ನಪಾಸು ನನಗೆ ಹೊಸದಲ್ಲ, ಆದರೆ ಒಂದು ಸಂಸಾರ ನಾನು ಕಲಿಸುವ ನಾಲ್ಕು ಶಬ್ದಗಳ ಮೇಲೆ ನಿಂತದ್ದು ಅದೇ ಮೊದಲು. ಪರೀಕ್ಷೆಗೆ ಇದ್ದದ್ದು ಎರಡು ವಾರವೋ ಏನೋ. ಕುರ್ಚಿಯಲ್ಲಿ ಕೂರಿಸಿ ಕಲಿಸಿದರೆ ಈತನಿಗೆ ತಲೆಗೆ ಹತ್ತುವುದಿಲ್ಲ, ಸ್ಟೇರಿಂಗ್ ಮುಂದೆ ಕೂರಿಸಿಯೇ ಕಲಿಸಬೇಕು ಎಂದು ತೀರ್ಮಾನಿಸಿದೆ. ಮರುದಿನ ಬೆಳಗ್ಗೆ ಸಿರುಗುಪ್ಪದ ಬಸ್ ಹತ್ತಿದೆ.

ಗಿರಣಿಯ ಅಂಗಳದಲ್ಲಿ ಲೋಡಾಗಿ ತಾಡಪತ್ರಿ ಬಿಗಿದು ನಿಂತಿತ್ತು ಲಾರಿ. ನಾನು ಸೀರೆ ಎತ್ತಿ ಹಿಡಿದು ಕ್ಲೀನರ್ ಕೂರುವ ಕಡೆ ಹತ್ತುವುದನ್ನು ಹಮಾಲರೆಲ್ಲ ಕೆಲಸ ಬಿಟ್ಟು ನೋಡಿದರು. ಆತ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡ, ಊದುಬತ್ತಿ ಹಚ್ಚಿದ. ಕೈಯಲ್ಲಿ ಮಾಡುವುದನ್ನೆಲ್ಲ ಬಾಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗಬೇಕು ಎಂಬುದು ನನ್ನ ಷರತ್ತು.

"ಐ ಯಾಮ್ ಸ್ಟಾರ್ಟಿಂಗ್. ಐ ಯಾಮ್ ಚೆಕಿಂಗ್ ಮಿರರ್. ಫಸ್ಟ್ ಗೇರ್."

ಎರಡೂ ಕಡೆ ಕಾಲುವೆ ನೀರಿನ ಗದ್ದೆಗಳು. ಹಚ್ಚೊಳ್ಳಿ ಕಡೆಯಿಂದ ಭತ್ತ ತುಂಬಿದ ಟ್ರ್ಯಾಕ್ಟರುಗಳು ಸಾಲಾಗಿ ಬರುತ್ತಿದ್ದವು. ರಸ್ತೆಯಷ್ಟೇ ಅಗಲದ ಕೊಯ್ಲಿನ ಮೆಷಿನ್ನೊಂದು ಎದುರಾಯಿತು. "ವೈಡ್ ವೆಹಿಕಲ್ ಅಹೆಡ್, ಐ ಯಾಮ್ ಗಿವಿಂಗ್ ವೇ" ಅಂದ. ಎಮ್ಮೆಗಳು ಅಡ್ಡ ಬಂದವು. "ಅನಿಮಲ್ಸ್ ಕ್ರಾಸಿಂಗ್, ನೋ ಬೋರ್ಡ್" ಅಂದ. ನಾನು ಹಾರ್ನಿಗಿಂತ ಜೋರಾಗಿ ಶಹಭಾಸ್ ಅಂದೆ. ಇದೇ ಮನುಷ್ಯನೇ ನನ್ನ ಕೋಣೆಯಲ್ಲಿ ಕಲ್ಲಿನಂತೆ ಕೂರುವವನು ಎಂದರೆ ನನಗೇ ನಂಬಿಕೆ ಬರಲಿಲ್ಲ. ನನ್ನ ಉಪಾಯಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ತೆಕ್ಕಲಕೋಟೆ ದಾಟಿದ ಮೇಲೆ ನಿಧಾನವಾಗಿ ಕೇಳಿದೆ. "ಈಗ ತೊಂದರಿ ಮಾತು ಅನ್ರಿ. ಬ್ರೇಕ್ ಹಿಡೀಲಿಲ್ಲಂದ್ರ?"

ಮಾತು ನಿಂತಿತು. ಆಮೇಲೆ ಗಾಡಿ ಬದಿಗೆ ಹಾಕಿ, ಇಂಜಿನ್ ಆರಿಸಿ, ಕೆಳಗಿಳಿದು, ಹೊಲದ ಬದುವಿನ ಮೇಲೆ ದೂರದ ಜಾಲಿ ಮರದ ತನಕ ನಡೆದುಹೋದ. ಒಂದಕ್ಕೆ ಹೋದ ಎಂದುಕೊಂಡು ನಾನು ಮುಖ ಈ ಕಡೆ ತಿರುಗಿಸಿದೆ. ಕೈ ಬೀಸಿ ಕರೆದ. ಸೀರೆಗೆ ಹತ್ತಿದ ಮುಳ್ಳು ಬಿಡಿಸಿಕೊಳ್ಳುತ್ತಾ ಹತ್ತಿರ ಹೋಗಿ ನಿಂತೆ. ಆತ ಲಾರಿಗೆ ಬೆನ್ನು ಹಾಕಿ, ತಗ್ಗಿದ ದನಿಯಲ್ಲಿ ಶುರು ಮಾಡಿದ.

"ಬ್ರೇಕ್ ಫೇಲ್ಯೂರ್. ಟೈರ್ ಬರ್ಸ್ಟ್. ಸ್ಕಿಡ್. ಓವರ್‌ಟರ್ನ್. ಹೆಡ್ ಇಂಜುರಿ. ಬ್ಲೀಡಿಂಗ್. ಫೈರ್."

ನಾನು ಕಲಿಸಿದ್ದು ಮಾತ್ರವಲ್ಲ, ಕಲಿಸದವೂ ಇದ್ದವು. ಹೆಂಡತಿಯಿಂದ ಕಲಿತದ್ದಿರಬೇಕು. ಒಂದೂ ತಪ್ಪಿಲ್ಲ.

"ಎಲ್ಲಾ ಬರತಾವಲ್ರೀ ನಿಮಗ! ಮತ್ಯಾಕ ಇಷ್ಟು ದಿನ ನನ್ನ ಜೀವ ತಿಂದ್ರಿ?"

"ಗಾಡಿಗೆ ಕೇಳಬಾರದ್ರೀ ಮೇಡಂ."

"ಏನು?"

"ಇಂಥಾ ಮಾತು ಗಾಡಿಗೆ ಕೇಳಬಾರದು. ನನಗ ಸ್ಟೇರಿಂಗ್ ಹಿಡಿಯಾಕ ಕಲಿಸಿದ ಹಿರಿಯರು ಹೇಳ್ಯಾರ. ಅವರು ಪಂಚರ್ ಅಂತಿದ್ದಿಲ್ಲ, ಗಾಲಿ ದಣದೈತಿ ಅಂತಿದ್ರು."

"ನನ್ನ ಕ್ಲಾಸು ಮಹಡಿ ಮ್ಯಾಲ ಐತಲ್ಲಪಾ!"

"ಗಾಡಿ ಕೆಳಗ ನಿಂತಿರತಿತ್ತಲ್ರೀ. ಕಿಟಕಿ ತೆರದಿರತಿತ್ತು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇವು ಇಂಗ್ಲಿಷ್ ಮಾತು, ಲಾರಿಗೆ ಹೇಗೆ ತಿಳಿಯುತ್ತದೆ ಎಂದು ವಾದಿಸಿ ನೋಡಿದೆ. "ಬ್ರೇಕು, ಟೈರು, ಆಕ್ಸಿಡೆಂಟು... ಗಾಡಿ ಹುಟ್ಟಿದಾಗಿಂದ ಕೇಳಿದ ಮಾತೇ ಇವಲ್ರೀ" ಅಂದ. ನನ್ನ ತಾಯಿಯೂ ಹಾಗೆಯೇ ಇದ್ದರು. ಮನೆಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಅನ್ನುತ್ತಿರಲಿಲ್ಲ, ತುಂಬಿದೆ ಅನ್ನುತ್ತಿದ್ದರು. ಬಳೆ ಒಡೆದರೆ ಹೆಚ್ಚಾಯಿತು ಅನ್ನುತ್ತಿದ್ದರು. ನಾನು ಓದಿದವಳಲ್ಲವೇ, ಅವರನ್ನು ಚೆನ್ನಾಗಿ ಅಣಕಿಸುತ್ತಿದ್ದೆ.

ಕಾರಣ ತಿಳಿದ ಮೇಲೆ ದಾರಿ ಸುಲಭ ಎಂದುಕೊಂಡೆ. ಮರುದಿನ ಲಾರಿಯನ್ನು ದೂರದ ಮಾರುಕಟ್ಟೆ ಅಂಗಳದಲ್ಲಿ ನಿಲ್ಲಿಸಿ ನಡೆದು ಬರಲು ಹೇಳಿದೆ. ಕಿಟಕಿ ಮುಚ್ಚಿ ಪರದೆಯನ್ನೂ ಎಳೆದೆ. ಬಳ್ಳಾರಿಯ ಬಿಸಿಲಿಗೆ ಕೋಣೆ ಒಲೆಯಾಯಿತು. ಇಬ್ಬರೂ ಬೆವರು ಒರೆಸಿಕೊಳ್ಳುತ್ತಾ ಕೂತೆವು. ಶಬ್ದಗಳನ್ನೆಲ್ಲ ಹೇಳಿದ. ಕಡೆಗೆ ನಾನು ಪರೀಕ್ಷಕಳಾಗಿ, "ನಿಮ್ಮ ಟ್ರೇಲರ್ ಉರುಳೈತಿ. ಜೊತೆಯ ಡ್ರೈವರಿಗೆ ಪೆಟ್ಟಾಗೇತಿ. ನನಗ ಫೋನ್ ಮಾಡ್ರಿ" ಅಂದೆ.

ಆತ ಮೊಬೈಲ್ ಕಿವಿಗೆ ಹಿಡಿದ. "ಸರ್... ಮೈ ಟ್ರೇಲರ್..." ಅಷ್ಟೇ. ಫೋನ್ ಇಳಿಸಿದ.

"ಬರೇ ಶಬ್ದ ಆದ್ರ ಶಬ್ದ. ನನ್ನ ಗಾಡಿಗೆ ಹಂಗಾತು ಅಂತ ನನ್ನ ಬಾಯಿಲೇ ಹೆಂಗ ಅನ್ನಲ್ರೀ?"

"ಸುಳ್ಳು ಸುಳ್ಳು ಅನ್ನೋದಪಾ! ಅಲ್ಲಿ ಗಾಡಿಯೂ ಇಲ್ಲ, ಬಿದ್ದೂ ಇಲ್ಲ!"

"ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಮ್ಯಾಲೆ ಅಸ್ತು ಅನ್ನೋ ದೇವರು ಓಡಾಡತಿರತಾವ್ರೀ. ಅವಕ್ಕ ಸುಳ್ಳು ಯಾವುದು, ಖರೇ ಯಾವುದು ಹೆಂಗ ಗೊತ್ತಾಗಬೇಕು?"

ಸೆಕೆ, ಸಿಟ್ಟು, ಹತ್ತಿರ ಬರುತ್ತಿದ್ದ ಪರೀಕ್ಷೆ, ಆ ಹೆಣ್ಣುಮಗಳ ದನಿ, ಎಲ್ಲ ಸೇರಿ ನನ್ನ ಬಾಯಿ ಹರಿಯಿತು. "ನಿಮಗ ಹೆಂಡತಿ ಬೇಕೋ ಶಾಸ್ತ್ರ ಬೇಕೋ? ಶಾಸ್ತ್ರಾನೇ ಬೇಕಂದ್ರ ನನ್ನ ಹೊತ್ತು ಯಾಕ ಹಾಳು ಮಾಡತೀರಿ? ನಡೀರಿ!"

ಆತ ಎದ್ದ. ಚಪ್ಪಲಿ ಮೆಟ್ಟಿಕೊಂಡ. "ಹೋಗಿ ಬರ್ತೀನ್ರೀ" ಅಂದ, ಆಗಲೂ. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಫೋನ್ ಎತ್ತಲಿಲ್ಲ. ಆತನ ಹೆಂಡತಿ ನನಗೆ ಮೆಸೇಜ್ ಹಾಕಿದ್ದಳು: ಮೇಡಂ, ಹೆಂಗ ನಡದೈತಿ? ಆ ಮೆಸೇಜನ್ನು ತೆರೆಯುವುದು, ಮುಚ್ಚುವುದು, ಇದೇ ನನ್ನ ಕೆಲಸವಾಯಿತು. ಏನು ಬರೆಯಲಿ? ಬೇರೆ ಬ್ಯಾಚಿನವರ ಮೇಲೆ ಕಾರಣವಿಲ್ಲದೆ ಹರಿಹಾಯ್ದೆ. ಕಡೆಗೆ ತಡೆಯಲಾರದೆ ಕುರುಗೋಡಿಗೆ ಹೊರಟೆ.

ಕುರುಗೋಡು ಗುಡ್ಡದ ಕೆಳಗಿನ ಊರು. ವಿಚಾರಿಸಿಕೊಂಡು ಮನೆ ಹುಡುಕಿದೆ. ಮನೆ ಮುಂದೆ ಲಾರಿ ನಿಂತಿತ್ತು, ಆತ ಬಕೀಟಿನ ನೀರಿನಲ್ಲಿ ಅದರ ಮುಖ ತೊಳೆಯುತ್ತಿದ್ದ. ನನ್ನನ್ನು ಕಂಡು ಗಾಬರಿಯಾಗಿ ಕೈ ಒರೆಸಿಕೊಂಡ, ಒಳಗೆ ಕರೆದು ಚಾಪೆ ಹಾಸಿದ. ಒಬ್ಬನೇ ಇರುವ ಮನೆ ಎಂದು ನೋಡಿದ ಕೂಡಲೇ ತಿಳಿಯುವಂತಿತ್ತು. ಗೂಟಕ್ಕೆ ಒಂದೇ ಅಂಗಿ, ಒಲೆಯ ಮೇಲೆ ಒಂದೇ ಪಾತ್ರೆ. ತಾನೇ ಚಹಾ ಕಾಸಿ ಕೊಟ್ಟ.

"ಸಿಟ್ಟು ಮಾಡಿಕೋಬ್ಯಾಡ್ರಿ ಮೇಡಂ. ನಿಮ್ಮ ತಪ್ಪಿಲ್ಲ. ನನ್ನ ಕೈಲೆ ಆಗಂಗಿಲ್ಲ" ಅಂದ. ಗೋಡೆಗೆ ಒರಗಿ ಕೂತ. "ಆಕಿ ಹೋದ ದಿನಾ ಬಳ್ಳಾರಿ ಬಸ್‌ಸ್ಟ್ಯಾಂಡಿಗೆ ನಾನೇ ಬಿಡಾಕ ಹೋಗಿದ್ದೆ. ಆಕಿ ಗಡಿಬಿಡ್ಯಾಗ ಇದ್ಲು. ಜೊತಿಗೆ ಹೊಂಟ ನರ್ಸುಗಳ ಮುಂದ ಅಳಬಾರದಂತ ನಕ್ಕೋತ, ಹೋಗ್ತೀನ್ರೀ ಅಂದುಬಿಟ್ಲು. ಬರೇ ಹೋಗ್ತೀನಿ. ಬರ್ತೀನಿ ಅನ್ನು ಅಂತ ನಾ ಬಾಯಿ ತೆಗಿಯೋದ್ರಾಗ ಬಸ್ಸು ಹೋತು."

ನಾನು ಚಹಾ ಕೆಳಗಿಟ್ಟೆ.

"ನಡುವೆ ಒಂದು ಸಲ ಬಂದ್ಲು. ಬೀಗರು ಬಂದಂಗ ಬಂದು ಹೋದ್ಲು. ಆ ಒಂದು ಮಾತಿಗೆ ಇಷ್ಟಾತು ಮೇಡಂ. ಇನ್ನ ನಾ ಗಾಡೀದು, ಜೊತಿಗಿದ್ದವರದು ಅಂಥಾ ಮಾತು ಅಂದ್ರ? ಅಲ್ಲಿ ನನ್ನ ಜೊತಿಗೆ ಇರೋರು ಯಾರ್ರೀ? ಆಕೀನೇ ಅಲ್ಲೇನು?"

ಇಷ್ಟು ದಿನ ನಾನು ಈತನ ಬಾಯಿಗೆ ಶಬ್ದ ತುರುಕುತ್ತಿದ್ದೆ, ಆತ ಆ ಶಬ್ದಗಳು ತಾಗದಂತೆ ಹೆಂಡತಿಯನ್ನು ಕಾಯುತ್ತಿದ್ದ. ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ. "ಹಿಂಗ ಕುಂತ್ರ ಆಕಿ ಇನ್ನ ನಿಮಗ ಸಿಗಂಗೇ ಇಲ್ಲ ನೋಡ್ರಿ!" ಎಂದು ಕಿರುಚಿಬಿಟ್ಟೆ.

ಆತ ಎರಡೂ ಕೈ ಮುಂದೆ ಚಾಚಿದ. "ಬಿಡ್ತು ಅನ್ರೀ ಮೇಡಂ! ಬಿಡ್ತು ಅನ್ರೀ!"

ಆ ಮುಖ ನೋಡಿ ನನಗೇ ಹೆದರಿಕೆಯಾಯಿತು. "ಬಿಡ್ತು, ಬಿಡ್ತು" ಅಂದೆ. ಚಿಕ್ಕಂದಿನಲ್ಲಿ ಕೆಟ್ಟ ಮಾತಾಡಿದಾಗಲೆಲ್ಲ ತಾಯಿ ತಲೆಗೆ ಮೊಟಕಿ ಅನ್ನಿಸುತ್ತಿದ್ದ ಮಾತು. ಆಡಿದವರೇ ಅಂದರೆ ಆಡಿದ್ದು ತಾಗುವುದಿಲ್ಲವೆಂದು ಲೆಕ್ಕ. ಆತ ಉಸಿರು ಬಿಟ್ಟು ಹಿಂದಕ್ಕೆ ಒರಗಿದ.

ಆ ಉಸಿರು ಕೇಳಿದ ಮೇಲೆ ನನಗೆ ಹೊಳೆಯಿತು.

"ಈಗ ನಾ ಆಡಿದ ಮಾತು ಹೋತೇನು?"

"ಹೋತ್ರೀ. ನೀವು ಬಿಡ್ತು ಅಂದ್ರಲ್ಲ."

"ಹಂಗಾರ ನೀವೂ ಅನ್ರಿ. ನನ್ನ ಗಾಡಿ ಬಿತ್ತು ಅನ್ರಿ, ಹಿಂದಿಂದ ಬಿಡ್ತು ಅನ್ರಿ."

ಆತ ಯೋಚಿಸಿದ. ಬಹಳ ಗಂಭೀರವಾಗಿ ಕೇಳಿದ. "ಇಂಗ್ಲಿಷ್ ಮಾತಿಗೆ ಕನ್ನಡ ಬಿಡ್ತು ನಡೀತೈತೇನ್ರೀ?"

"ಗಾಡಿಗೆ ಇಂಗ್ಲಿಷ್ ತಿಳೀತೈತಿ, ಕನ್ನಡ ತಿಳೀತೈತಿ ಅಂತ ನೀವೇ ಅಂತೀರಿ. ಆ ದೇವರಿಗೆ ಅಷ್ಟೂ ತಿಳಿಯಂಗಿಲ್ಲೇನು?"

ಪರೀಕ್ಷೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ನಪಾಸು ಮಾಡುತ್ತಾರೆ ಎಂದು ನನಗೆ ಗೊತ್ತಿತ್ತು. ಮನಸ್ಸಿನಲ್ಲಿ ಅನ್ನಿ ಎಂದು ಬೇಡಿಕೊಂಡೆ. "ಮನಸಿನ್ಯಾಗ ಅಂದಿದ್ದು ಯಾರಿಗೆ ಕೇಳತೈತ್ರೀ?" ಅಂದ. ತುಟಿಯಲ್ಲೇ, ಉಸಿರಿನಲ್ಲೇ ಅನ್ನಲು ಒಪ್ಪಿಸಿದೆ. ಅಪಾಯವೇ. ಆದರೆ ಬಾಯಿ ಮುಚ್ಚಿಕೊಂಡು ಹೇಗೂ ನಪಾಸಾಗುವವನಿಗೆ ಬಾಯಿ ಬಿಟ್ಟು ನಪಾಸಾಗುವ ಅಪಾಯ ದೊಡ್ಡದಲ್ಲ ಎಂದು ಧೈರ್ಯ ಮಾಡಿದೆ. ಅಂಗಳದಲ್ಲಿ ನಿಂತಿದ್ದ ಲಾರಿಗೆ ಕೇಳದಂತೆ ಒಳಗಿನ ಅಡುಗೆಮನೆಯಲ್ಲಿ ಕೂತು ಶುರು ಮಾಡಿದೆವು. ಮೊದಲ ಸಲ "ಮೈ ಟ್ರೇಲರ್ ಹ್ಯಾಸ್ ಓವರ್‌ಟರ್ನ್ಡ್" ಅಂದಾಗ ಆತನ ಹಣೆಯಲ್ಲಿ ಬೆವರಿತ್ತು, ಹಿಂದೆಯೇ ಬಂದ ಬಿಡ್ತು ಪಕ್ಕದ ಮನೆಗೆ ಕೇಳುವಂತಿತ್ತು. ದಿನ ಹೋದಂತೆ ದನಿ ಇಳಿಯಿತು. ನನ್ನ ಬಳ್ಳಾರಿಯ ಕೋಣೆಯಲ್ಲಿ ಕಡೆಯ ಅಣಕು ಪರೀಕ್ಷೆಯ ಹೊತ್ತಿಗೆ ತುಟಿ ಮಾತ್ರ ಅಲ್ಲಾಡುತ್ತಿತ್ತು.

ಪರೀಕ್ಷೆ ಏಜೆಂಟರ ಆಫೀಸಿನಲ್ಲಿ. ಒಂದು ಪ್ಲೈವುಡ್ ಗೋಡೆಯ ಆ ಕಡೆ ಲ್ಯಾಪ್‌ಟಾಪ್, ಈ ಕಡೆ ಕಾಯುವವರ ಬೆಂಚು. ನಾನು ಗೋಡೆಗೆ ಕಿವಿ ಹಚ್ಚಿಯೇ ಕೂತೆ. ಮಾನ ಮರ್ಯಾದೆಯ ಯೋಚನೆ ಇರಲಿಲ್ಲ. ಬೋರ್ಡುಗಳ ಪ್ರಶ್ನೆಗಳಾದವು, ಲೇನಿನ ಪ್ರಶ್ನೆಗಳಾದವು. ಎಲ್ಲಿಗೆ ಹೋಗುತ್ತಿದ್ದೀಯ ಎಂದು ಪರೀಕ್ಷಕ ಕೇಳಿದಾಗ, "ಐ ಯಾಮ್ ಗೋಯಿಂಗ್ ಟು ದಿ ಪೋರ್ಟ್, ಸರ್" ಎಂದು ನೀರು ಕುಡಿದಂತೆ ಹೇಳಿದ. ಆಮೇಲೆ ಪರೀಕ್ಷಕನ ದನಿ: ನಿನ್ನ ಟ್ರೇಲರ್ ಉರುಳಿದೆ, ಜೊತೆಯವನಿಗೆ ಪೆಟ್ಟಾಗಿದೆ, ವರದಿ ಕೊಡು.

ಸದ್ದಿಲ್ಲ. ಮೇಲೆ ಫ್ಯಾನು ಕಟಕಟ ಅನ್ನುತ್ತಿತ್ತು. ಪರೀಕ್ಷಕ, "ಹಲೋ?" ಅಂದ. ಈ ಕಡೆ ನಾನು, ಯಾವ ದೇವರನ್ನೂ ಕರೆಯದವಳು, ಯಾರನ್ನು ಕರೆಯಲಿ ಎಂದು ಹುಡುಕುತ್ತಿದ್ದೆ. ಎಲ್ಲ ಮುಗಿಯಿತು, ಆಕೆಗೆ ನಾನೇ ಫೋನ್ ಮಾಡಿ ಹೇಳಬೇಕು ಎಂದುಕೊಂಡೆ.

"ಸರ್, ಐ ಯಾಮ್ ಕಾಲಿಂಗ್ ಫ್ರಮ್ ಹೈವೇ. ಮೈ ಟ್ರೇಲರ್ ಹ್ಯಾಸ್ ಓವರ್‌ಟರ್ನ್ಡ್. ಮೈ ಕೋ ಡ್ರೈವರ್ ಈಸ್ ಇಂಜರ್ಡ್, ಬ್ಲೀಡಿಂಗ್. ಪ್ಲೀಸ್ ಸೆಂಡ್ ಆಂಬುಲೆನ್ಸ್." ಒಂದು ಕ್ಷಣ ತಡೆದು, ನನ್ನ ಅಷ್ಟು ದಿನದ ತಾಲೀಮನ್ನು ಗಾಳಿಗೆ ತೂರಿ, ಗೋಡೆ ನಡುಗುವಂತೆ, "ಬಿಡ್ತು!"

"ವಾಟ್? ವಾಟ್ ಡಿಡ್ ಯು ಸೇ?"

ನಾನು ಕಣ್ಣು ಮುಚ್ಚಿಕೊಂಡೆ.

"ಸರ್, ಬ್ಯಾಡ್ ವರ್ಡ್ ಐ ಟೋಲ್ಡ್. ಮೈ ವೈಫ್ ಈಸ್ ದೇರ್, ಇನ್ ಯುವರ್ ಪ್ಲೇಸ್. ಸೋ ಐ ಯಾಮ್ ಕ್ಯಾನ್ಸಲಿಂಗ್ ಬ್ಯಾಡ್ ವರ್ಡ್."

ಇದನ್ನು ನಾನು ಕಲಿಸಿರಲಿಲ್ಲ. ಆ ಕಡೆಯಿಂದ, "ಓಕೆ. ಥ್ಯಾಂಕ್ ಯು. ನೆಕ್ಸ್ಟ್." ಆ ದನಿಯಲ್ಲಿ ನಗು ಇತ್ತೋ ಬೇಸರವಿತ್ತೋ ಎಷ್ಟು ನೆನೆಸಿಕೊಂಡರೂ ನನಗೆ ತಿಳಿಯಲಿಲ್ಲ. ಆತ ಹೊರಗೆ ಬಂದು, "ಜೋರಾಗಿ ಬಂದುಬಿಟ್ತ್ರೀ" ಎಂದು ತಲೆ ಕೆರೆದುಕೊಂಡ. ಬೈಯಲು ನನ್ನಲ್ಲಿ ಶಕ್ತಿ ಇರಲಿಲ್ಲ.

ಫಲಿತಾಂಶ ಬರುವ ತನಕದ ದಿನಗಳನ್ನು ನಾನು ವಿವರಿಸಲಾರೆ. ಆತ ಎಂದಿನಂತೆ ಅಕ್ಕಿ ತಂದ, ಇಳಿಸಿದ, ನನ್ನ ಕೋಣೆಯ ಕೆಳಗೆ ಗಾಡಿ ನಿಲ್ಲಿಸಿ ಮೇಲೆ ನೋಡಿ, ನಾನು ಇಲ್ಲವೆಂದು ತಲೆ ಅಲ್ಲಾಡಿಸಿದರೆ ಹೊರಟುಹೋಗುತ್ತಿದ್ದ. ಆಕೆ ಮೆಸೇಜ್ ಹಾಕುವುದನ್ನೇ ನಿಲ್ಲಿಸಿದಳು. ಅದು ನನ್ನನ್ನು ಇನ್ನೂ ಹೆಚ್ಚು ಕೊಂದಿತು. ಏಜೆಂಟರು ಫೋನ್ ಮಾಡಿ ಆಯ್ಕೆಯಾಗಿದೆ ಅಂದಾಗ ನಾನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಸುದ್ದಿ ಹೇಳಿದರೆ ಆತ ಕುಣಿಯಲಿಲ್ಲ, ನಗಲಿಲ್ಲ. ಕೆಳಗಿಳಿದು ಹೋಗಿ ಲಾರಿಯ ಬಾನೆಟ್ಟಿಗೆ ಹಣೆ ಹಚ್ಚಿ ಬಹಳ ಹೊತ್ತು ನಿಂತ.

ಹೊರಡುವ ದಿನ ಬೆಳಗ್ಗೆ ಬೆಂಗಳೂರಿನ ಬಸ್ಸು. ಬೀಳ್ಕೊಡಲು ನಾನೂ ಬಸ್‌ಸ್ಟ್ಯಾಂಡಿಗೆ ಹೋದೆ. ಹೊಸ ಅಂಗಿ, ಹೊಸ ಬೂಟು, ಕೈಯಲ್ಲಿ ಹೆಂಡತಿಗೆಂದು ಕಟ್ಟಿಸಿಕೊಂಡ ಕೆಂಪು ಚಟ್ನಿಯ ಡಬ್ಬಿ. ಆತನನ್ನು ಅಷ್ಟು ಹಗುರಾಗಿ ನಾನು ಎಂದೂ ನೋಡಿರಲಿಲ್ಲ. ಕಂಡಕ್ಟರನ್ನೂ ಇಂಗ್ಲಿಷಿನಲ್ಲೇ ಮಾತಾಡಿಸಿದ. ಕೊಲ್ಲಿಯಿಂದ ಫೋನ್ ಬಂತು. ಆಕೆ ನಗುತ್ತಾ ಏನೋ ಅಂದಳು, ಈತನೂ ನಕ್ಕ. ಬಸ್ಸಿನ ಡ್ರೈವರ್ ಇಂಜಿನ್ ಚಾಲೂ ಮಾಡಿದ. ಆತ ನನ್ನ ಕಾಲಿಗೆ ಬಾಗಿ, ಎದ್ದು, ಓಡಿ ಬಸ್ ಹತ್ತಿದ.

ಬಸ್ಸು ಜರುಗಿತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದ.

"ಮೇಡಂ! ಐ ಯಾಮ್ ಗೋಯಿಂಗ್!"

ಒಂದು ಅಕ್ಷರ ತಪ್ಪಿಲ್ಲ. ನಾನೇ ಒಂದು ವಾರ ತಿದ್ದಿ ಕೂರಿಸಿದ ಮಾತು. ಮುಂದಿನದಕ್ಕಾಗಿ ನಾನು ಕಾದೆ. ಬಸ್ಸು ಗೇಟಿನ ಕಡೆ ತಿರುಗಿತು. ಆತ ಕೈ ಬೀಸುತ್ತಲೇ ಇದ್ದ, ಮುಂದಿನದು ಬರಲಿಲ್ಲ.

ನಾನು ಓಡಿದೆ. ಈ ವಯಸ್ಸಿನಲ್ಲಿ, ಸೀರೆಯಲ್ಲಿ, ಚಪ್ಪಲಿ ಒಂದು ಅಲ್ಲೇ ಬಿದ್ದರೂ ನೋಡದೆ ಓಡಿದೆ. "ಬರ್ತೀನಿ ಅನ್ರೀ! ಹೋಗಿ ಬರ್ತೀನಿ ಅನ್ರೀ!" ಎಂದು ಕೂಗಿದೆ. ಆತ ಕಿವಿಗೆ ಕೈ ಹಿಡಿದ, ಕೇಳಿಸಲಿಲ್ಲ ಎಂದು ತಲೆ ಆಡಿಸಿದ, ನಗುತ್ತಾ ಮತ್ತೆ ಅದನ್ನೇ ಕೂಗಿದ. ಬಸ್ಸು ರಸ್ತೆಗೆ ಇಳಿದು ಲಾರಿಗಳ ನಡುವೆ ಸೇರಿಹೋಯಿತು.

ಹೂ ಮಾರುವವರು, ಹಮಾಲರು, ಬಸ್ಸಿಗೆ ಕಾದವರು ಎಲ್ಲ ನನ್ನನ್ನೇ ನೋಡುತ್ತಿದ್ದರು. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು. ನಾನು ಬಸ್ಸು ಹೋದ ಕಡೆ ತಿರುಗಿ ನಿಂತು, ಆತನ ಬದಲು ನಾನೇ ಗಟ್ಟಿಯಾಗಿ ಅಂದೆ.

"ಬಿಡ್ತು."